ಕಣ್ಣು ಹೋದ ಮೇಲೆ ಬಿನೋದ್ ಬಿಹಾರಿ ಮುಖರ್ಜಿ ಮಾಡಿದ ಭಿತ್ತಿ: ಕೆಲಸ ಯಾರದ್ದು?

#1 ಕುಂಚಕಡ್ಡಿ

ಬಂಗಾಳದ ಶಾಂತಿನಿಕೇತನದ ಕಲಾಶಾಲೆ ಕಲಾಭವನದಲ್ಲಿ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರ ಸೆರಾಮಿಕ್ ಟೈಲ್ ಭಿತ್ತಿ (ಗೋಡೆಚಿತ್ರ) ಇದೆ, 1972ರದ್ದು. ಅವರ ಕಣ್ಣು ಪೂರ್ತಿ ಹೋಗಿದ್ದು 1956–57ರಲ್ಲಿ. ಅಂದ್ರೆ ಹದಿನೈದು ವರ್ಷ ಏನೂ ಕಾಣದೆ ಕಳೆದ ಮೇಲೆ, 68ನೇ ವಯಸ್ಸಿನಲ್ಲಿ ಮಾಡಿದ ಕೆಲಸ. ಎಲ್ಲಿ ಓದಿದ್ರೂ ‘ಪವಾಡ’, ‘ಛಲ’, ‘ಒಳಗಣ್ಣು’ ಅಂತ ಬರೀತಾರೆ. ಹೇಗೆ ಮಾಡಿದ್ರು ಅಂತ ಮಾತ್ರ ಯಾರೂ ಬರೆಯಲ್ಲ.

ನನ್ನ ಪ್ರಶ್ನೆ ಎರಡು. ಒಂದು, ಕೆಲಸದ ಕ್ರಮ ಏನು? ಎರಡು, ಗೋಡೆಗೆ ಟೈಲ್ ಕೂರಿಸಿದ್ದು ವಿದ್ಯಾರ್ಥಿಗಳು. ಬಣ್ಣ ಬಿನೋದ್ ಬಿಹಾರಿಯವರಿಗೆ ಕಾಣ್ತಿರಲಿಲ್ಲ. ಹಾಗಿದ್ದ ಮೇಲೆ ಅದು ಬಿನೋದ್ ಬಿಹಾರಿ ಕೃತಿ ಅನ್ನೋದು ಎಷ್ಟು ಸರಿ? ಭಾವುಕರಾಗದೆ ಉತ್ತರ ಕೊಡಿ ಪ್ಲೀಸ್.

#2 ಸುಮ್ನೆಓದೋನು

ಸಿನಿಮಾ ನಿರ್ದೇಶಕರು ಕ್ಯಾಮೆರಾ ಹಿಡಿಯಲ್ಲ, ಲೈಟ್ ಹೊರಲ್ಲ. ಅವರನ್ನೂ ಹೀಗೇ ಕೇಳ್ತೀರಾ?

#3 ಕುಂಚಕಡ್ಡಿ

ನಿರ್ದೇಶಕರಿಗೆ ಮಾನಿಟರ್ ಕಾಣುತ್ತೆ ಸ್ವಾಮಿ.

#4 ಖೊವಾಯಿ

ಇಬ್ಬರೂ 1972ಕ್ಕೇ ಹಾರಿಬಿಟ್ಟಿರಿ. ಮೊದಲಿಂದ ನೋಡದಿದ್ದರೆ ಈ ಭಿತ್ತಿ ಆಕಾಶದಿಂದ ಉದುರಿದ ಹಾಗೆ ಕಾಣುತ್ತೆ.

ಹುಟ್ಟಿದ್ದು 7 ಫೆಬ್ರವರಿ 1904, ಕಲ್ಕತ್ತೆಯ ಬೆಹಾಲಾ. ಹುಟ್ಟಿನಿಂದಲೇ ಒಂದು ಕಣ್ಣಿಗೆ ದೃಷ್ಟಿ ಇಲ್ಲ, ಇನ್ನೊಂದಕ್ಕೆ ವಿಪರೀತ ಸಮೀಪದೃಷ್ಟಿ. 1917ರಲ್ಲಿ ಶಾಂತಿನಿಕೇತನದ ಶಾಲೆಗೆ ಬಂದರು. 1919ರಲ್ಲಿ ಕಲಾಭವನ ಶುರುವಾದಾಗ ಮೊದಲ ತಂಡದಲ್ಲಿ ಇವರೂ ಇದ್ದರು. ಇಷ್ಟು ಕಮ್ಮಿ ಕಣ್ಣಿರುವ ಹುಡುಗ ಚಿತ್ರ ಕಲಿಯುವುದು ಹೇಗೆ ಅಂತ ಅಲ್ಲಿನ ಗುರು ನಂದಲಾಲ್ ಬೋಸರಿಗೆ ಅನುಮಾನ ಇತ್ತು. ಆಸಕ್ತಿಯಿಂದ ಕೂತು ಕೆಲಸ ಮಾಡುತ್ತಿದ್ದರೆ ತಡೆಯುವುದು ಬೇಡ ಎಂಬ ಅರ್ಥದ ಮಾತು ಹೇಳಿ ಉಳಿಸಿದವರು ರವೀಂದ್ರನಾಥರು. 1925ಕ್ಕೆ ಅಲ್ಲೇ ಮೇಷ್ಟ್ರು. 1937–38ರಲ್ಲಿ ಜಪಾನ್ ಪ್ರವಾಸ. 1940ರಲ್ಲಿ ಕಲಾಭವನದ ವಿದ್ಯಾರ್ಥಿನಿಲಯದ ಚಾವಣಿ, 1942ರಲ್ಲಿ ಚೀನಾ ಭವನ, 1946–47ರಲ್ಲಿ ಹಿಂದಿ ಭವನದ ಮಧ್ಯಯುಗದ ಸಂತರ ಭಿತ್ತಿ. ಆಮೇಲೆ ಶಾಂತಿನಿಕೇತನ ಬಿಟ್ಟು ಕಾಠ್ಮಂಡುವಿನ ವಸ್ತುಸಂಗ್ರಹಾಲಯದಲ್ಲಿ ಕ್ಯುರೇಟರ್, ಅಲ್ಲಿಂದ ರಾಜಸ್ಥಾನದ ವನಸ್ಥಲಿ, ಮಸ್ಸೂರಿ, ಪಾಟ್ನಾ. ದೆಹಲಿಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಕೈಕೊಟ್ಟು ಇದ್ದೊಂದು ಕಣ್ಣೂ ಹೋಯಿತು. 1958ರಲ್ಲಿ ಕಲಾಭವನಕ್ಕೆ ವಾಪಸ್ಸು, ಕಲಾ ಇತಿಹಾಸ ಪಾಠ ಮಾಡಲು.

ಆದ್ದರಿಂದ ‘ಕಣ್ಣಿದ್ದಾಗ ಒಂದು, ಇಲ್ಲದಾಗ ಇನ್ನೊಂದು’ ಅನ್ನುವ ವಿಂಗಡಣೆ ಇಲ್ಲಿ ನಡೆಯಲ್ಲ. ಅವರು ಪೂರ್ತಿ ಕಾಣುವ ಮನುಷ್ಯ ಆಗಿದ್ದೇ ಇಲ್ಲ.

#5 ನೇತ್ರಜೀವಿ

#4ಕ್ಕೆ ಸ್ವಲ್ಪ ಲೆಕ್ಕ ಸೇರಿಸ್ತೀನಿ, ಏಕೆಂದರೆ ‘ಸಮೀಪದೃಷ್ಟಿ’ ಅಂದಾಕ್ಷಣ ಜನ ಕಾಲೇಜು ಹುಡುಗರ ಮೈನಸ್ ಎರಡು ಕನ್ನಡಕ ನೆನೆಸಿಕೊಳ್ತಾರೆ.

ಕನ್ನಡಕ ತೆಗೆದರೆ ಎಷ್ಟು ದೂರದವರೆಗೆ ಸ್ಪಷ್ಟ ಅಂತ ತಿಳಿಯಲು 100ನ್ನು ಪವರ್‌ನಿಂದ ಭಾಗಿಸಿ, ಉತ್ತರ ಸೆಂಟಿಮೀಟರಿನಲ್ಲಿ ಬರುತ್ತೆ. ಮೈನಸ್ 10 ಇದ್ದವರಿಗೆ 10 ಸೆಂ.ಮೀ., ಮೈನಸ್ 20 ಇದ್ದವರಿಗೆ 5 ಸೆಂ.ಮೀ. ಅದರಾಚೆ ಎಲ್ಲ ಮಸುಕು. ಆದರೆ ಆ ಐದು-ಹತ್ತು ಸೆಂಟಿಮೀಟರಿನೊಳಗೆ ಸಾಮಾನ್ಯ ಕಣ್ಣಿಗಿಂತ ಸೂಕ್ಷ್ಮ ಕಾಣಬಹುದು, ಅಷ್ಟು ಹತ್ತಿರ ಹಿಡಿದಾಗ ವಸ್ತು ದೊಡ್ಡದಾಗಿ ಬೀಳುತ್ತೆ. ದಪ್ಪ ಮೈನಸ್ ಗಾಜು ಹಾಕಿಕೊಂಡರೆ ದೂರದ್ದು ಕಾಣುತ್ತೆ, ಆದರೆ ಎಲ್ಲವೂ ಕುಗ್ಗಿ ಚಿಕ್ಕದಾಗುತ್ತೆ, ಅಂಚಿನಲ್ಲಿ ಗೆರೆ ಬಾಗುತ್ತೆ. ಇದರ ಜೊತೆ ಒಂದೇ ಕಣ್ಣು, ಅಂದರೆ ಎರಡು ಕಣ್ಣು ಸೇರಿ ಕೊಡುವ ಆಳದ ಅಂದಾಜು ಇಲ್ಲ. ಯಾವುದು ಮುಂದೆ ಯಾವುದು ಹಿಂದೆ ಅನ್ನೋದನ್ನು ಒಂದರ ಮೇಲೊಂದು ಬಿದ್ದಿರುವುದು, ಗಾತ್ರ, ತಲೆ ಆಡಿಸಿದಾಗ ಆಗುವ ಸರಿದಾಟ ಇವುಗಳಿಂದಲೇ ಲೆಕ್ಕ ಹಾಕಬೇಕು.

ಆ ಕಾಲದ ಪೊರೆ ಶಸ್ತ್ರಚಿಕಿತ್ಸೆ ಬಗ್ಗೆ ಸಾಮಾನ್ಯವಾಗಿ ಒಂದು ಮಾತು. 1950ರ ದಶಕದಲ್ಲಿ ನಮ್ಮಲ್ಲಿ ಕೃತಕ ಲೆನ್ಸ್ ಒಳಗೆ ಕೂರಿಸುವ ರೂಢಿ ಇರಲಿಲ್ಲ. ಕಣ್ಣಿನ ಮಸೂರವನ್ನು ಅದರ ಕೋಶದ ಸಮೇತ ಇಡಿಯಾಗಿ ಎಳೆದು ತೆಗೆಯುತ್ತಿದ್ದರು, ಗಾಯ ದೊಡ್ಡದು. ಹೆಚ್ಚು ಮೈನಸ್ ಇರುವ ಕಣ್ಣು ಗಾತ್ರದಲ್ಲಿ ಉದ್ದ, ಅಕ್ಷಿಪಟಲ (ರೆಟಿನಾ) ತೆಳು, ಒಳಗಿನ ದ್ರವ ನೀರಾಗಿರುತ್ತೆ. ಮಸೂರ ಹೊರಬರುವಾಗ ಆ ದ್ರವವೂ ಚೆಲ್ಲಬಹುದು, ಅಕ್ಷಿಪಟಲ ಕಿತ್ತುಕೊಳ್ಳಬಹುದು, ರಕ್ತಸ್ರಾವ ಆಗಬಹುದು. ಎರಡು ಕಣ್ಣಿದ್ದವರಿಗೆ ಮೊದಲು ಕೆಟ್ಟ ಕಣ್ಣಿಗೆ ಮಾಡಿ ನೋಡ್ತಾರೆ. ಇವರಿಗೆ ಇದ್ದದ್ದೇ ಒಂದು.

#6 ಗಾರೆಮೇಸ್ತ್ರಿ

ಡಾಕ್ಟ್ರೇ, ಸರಿಯಾಗಿ ಹೇಳಿದ್ರಿ. ಹಿಂದಿ ಭವನದ ಗೋಡೆಯನ್ನು ಈ ಲೆಕ್ಕ ಇಟ್ಕೊಂಡು ನೋಡಬೇಕು.

ಅದು ಹಸಿ ಗಾರೆಯ ಚಿತ್ರ. ಒಣಗಿದ ಗೋಡೆಗೆ ಬಣ್ಣ ಬಳಿದದ್ದಲ್ಲ. ಹಸಿ ಗಾರೆ ಅಂದ್ರೆ ಗಡಿಯಾರದ ಜೊತೆ ಗುದ್ದಾಟ. ಕೆಳಗಿನ ಒರಟು ಪದರಕ್ಕೆ ಸುಣ್ಣ ಒಂದು ಪಾಲು, ಮರಳು ಎರಡರಿಂದ ಮೂರು. ಮೇಲಿನ ತೆಳು ಪದರಕ್ಕೆ ಸುಣ್ಣ ಒಂದು, ಜರಡಿ ಹಿಡಿದ ಸಣ್ಣ ಮರಳು ಒಂದು, ದಪ್ಪ 3ರಿಂದ 5 ಮಿ.ಮೀ. ಸುಣ್ಣ ತಿಂಗಳುಗಟ್ಟಲೆ ಗುಂಡಿಯಲ್ಲಿ ನೀರಿನಡಿ ಕೂತಿರಬೇಕು. ಅವಸರ ಮಾಡಿದರೆ ಅರಳದ ಕಾಳು ಒಳಗೆ ಉಳಿದು, ಆಮೇಲೆ ಗೋಡೆಯಲ್ಲೇ ಅರಳಿ ಉಬ್ಬಿ ಟಪ್ ಅಂತ ಸಿಡಿಯುತ್ತೆ, ಚಿತ್ರದ ಮುಖದಲ್ಲೇ ಗುಳಿ. ಹಿಂದಿನ ದಿನವೇ ಗೋಡೆ ನೆನೆಸಬೇಕು, ಇಲ್ಲದಿದ್ದರೆ ಕೆಳಪದರ ಮೇಲಿನ ನೀರನ್ನೆಲ್ಲ ಕುಡಿದು ಬಿರುಕು ಬಿಡುತ್ತೆ.

ತೆಳು ಪದರವನ್ನು ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಹಾಕಬೇಕು. ಬೆರಳಿಟ್ಟರೆ ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಅಲ್ಲಿಂದ ಆರೇಳು ಗಂಟೆ ಕಾಲ, ಶಾಂತಿನಿಕೇತನ ಇರುವ ಬೀರಭೂಮ ಜಿಲ್ಲೆಯ ಬಿಸಿಲಿಗೆ ಇನ್ನೂ ಕಮ್ಮಿ. ಬಣ್ಣಕ್ಕೆ ಅಂಟು ಹಾಕೋ ಹಾಗಿಲ್ಲ, ಬರೀ ನೀರಲ್ಲಿ ಅರೆದಿದ್ದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ಒಳಗೆ ಹಿಡಿದುಬಿಡುತ್ತೆ. ತಡ ಮಾಡಿ ಹಚ್ಚಿದ ಬಣ್ಣ ಒಣಗಿದ ಮೇಲೆ ಕೈಗೆ ಪುಡಿಪುಡಿ ಬರುತ್ತೆ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ಕಾಡಿಗೆ, ಸುಣ್ಣದ ಬಿಳಿ ಇವು ನಿಲ್ಲುತ್ತವೆ. ನೀಲಿಗಿಡದ ನೀಲಿ, ಸೀಸದ ಬಿಳಿ ಸುಣ್ಣದ ಖಾರಕ್ಕೆ ಸಾಯುತ್ತವೆ. ಮತ್ತೆ, ಹಸಿಯಲ್ಲಿ ಕಾಣುವ ಬಣ್ಣ ಬೇರೆ, ಒಣಗಿದಾಗ ತಿಳಿಯಾಗೋದು ಬೇರೆ. ಅಂದ್ರೆ ಕಣ್ಣು ಚೆನ್ನಾಗಿರುವವನೂ ಇಲ್ಲಿ ಕಂಡಿದ್ದನ್ನು ನಂಬೋ ಹಾಗಿಲ್ಲ, ಲೆಕ್ಕವನ್ನೇ ನಂಬಬೇಕು.

ಇಷ್ಟೆಲ್ಲ ಇರೋದರಿಂದ ಸಾಮಾನ್ಯವಾಗಿ ಗೋಡೆಯಳತೆಯ ಕಾಗದದಲ್ಲಿ ಮೊದಲೇ ಪೂರ್ತಿ ಬರೆದು, ಗೆರೆ ಉದ್ದಕ್ಕೂ ಸೂಜಿಯಲ್ಲಿ ತೂತು ಮಾಡಿ, ಇದ್ದಿಲು ಪುಡಿ ಗಂಟು ತಟ್ಟಿ ಗೋಡೆಗೆ ಇಳಿಸಿಕೊಳ್ತಾರೆ. ಬಿನೋದ್ ಬಿಹಾರಿ ಅದನ್ನು ಮಾಡಲಿಲ್ಲ. ಚಿಕ್ಕ ಕರಡುಗಳಿದ್ದವು, ಗೋಡೆಯಳತೆಯ ಪೂರ್ವಚಿತ್ರ ಇರಲಿಲ್ಲ. ನೇರ ಗೋಡೆ ಮೇಲೇ ಬರೆದರು. ಮೂರು ಗೋಡೆಯ ಮೇಲ್ಭಾಗ, ಸಾರುವೆ ಮೇಲೆ ನಿಂತು, ಒಂದೇ ಕಣ್ಣಲ್ಲಿ.

#7 ಹುಬ್ಬಳ್ಳಿಮಂದಿ

ಅಲ್ರೀ ಮೇಸ್ತ್ರಿ, ಶಾಂತಿನಿಕೇತನದಾಗ ಜೈಪುರದ ಪದ್ಧತಿ ಇತ್ತು ಅಂತಾರಲ್ಲ? ಅದೂ ಇದೂ ಒಂದ ಏನು?

#8 ಗಾರೆಮೇಸ್ತ್ರಿ

ಬೇರೆ ಬೇರೆ. ಜೈಪುರದ ಕುಶಲಕರ್ಮಿ ನರಸಿಂಗಲಾಲ್ 1927ರಲ್ಲಿ ಬಂದು ಅಲ್ಲಿ ಕಲಿಸಿದ್ದು ಆರಾಯಿಶ್. ಅದರಲ್ಲೂ ಹಸಿ ಸುಣ್ಣವೇ, ಆದರೆ ಬಣ್ಣ ಹಚ್ಚಿದ ಮೇಲೆ ಸಣ್ಣ ಕರಣೆಯಿಂದ ತಟ್ಟಿ ಒಳಗಿಳಿಸಿ, ಅಕೀಕ್ ಕಲ್ಲಿನಿಂದ ಉಜ್ಜಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಹೊಳಪು ತರಿಸ್ತಾರೆ. ಕನ್ನಡಿ ಹಾಗೆ ಮಿಂಚುತ್ತೆ. ಆದರೆ ತಟ್ಟಿ ಉಜ್ಜುವಾಗ ಕುಂಚದ ಓಟ ಸತ್ತುಹೋಗುತ್ತೆ. ಹಿಂದಿ ಭವನದ್ದು ಇಟಲಿಯ ಕ್ರಮ, ತಟ್ಟೋದು ಉಜ್ಜೋದು ಇಲ್ಲ, ಕುಂಚ ಎಳೆದ ಗೆರೆ ಎಳೆದ ಹಾಗೇ ಉಳಿಯುತ್ತೆ. ಜಪಾನಿನಿಂದ ಬಂದ ಮೇಲೆ ಅವರ ಗೆರೆ ಪೂರ್ತಿ ಕುಂಚದ ಗೆರೆ ಆಗಿತ್ತು. ಅದನ್ನು ಉಜ್ಜಿ ಹಾಳುಮಾಡ್ತಾರಾ?

ವಿದ್ಯಾರ್ಥಿನಿಲಯದ ಚಾವಣಿ ಇನ್ನೂ ಬೇರೆ, ಅದು ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಮಾಡಿದ್ದು.

#9 ಖೊವಾಯಿ

ಆ ಚಾವಣಿ ಬಗ್ಗೆ ಹೇಳದೆ ಬಿಡೋಕಾಗಲ್ಲ. ನಡುವೆ ಒಂದು ಕೊಳ. ಅದರ ಸುತ್ತ ಬೀರಭೂಮದ ಹಳ್ಳಿ: ಮರ, ಗುಡಿಸಲು, ದನ, ಕೆಲಸದಲ್ಲಿರೋ ಜನ. ಎಲ್ಲಿ ನಿಂತು ನೋಡಬೇಕು ಅಂತಿಲ್ಲ, ತಲೆ ಎತ್ತಿ ತಿರುಗುತ್ತಾ ಹೋದರೆ ಊರಿನ ಸುತ್ತ ಒಂದು ಸುತ್ತು ಹಾಕಿದ ಹಾಗೆ. ದೂರ ನಿಂತು ಕಿಟಕಿಯೊಳಗಿಂದ ನೋಡುವ ನೋಟ ಇಲ್ಲ, ಯೂರೋಪಿನ ಪರ್ಸ್‌ಪೆಕ್ಟಿವ್ ಅಂತೂ ಇಲ್ಲವೇ ಇಲ್ಲ.

ಇನ್ನೊಂದು ಸಾಕ್ಷಿ: 1924ರಲ್ಲಿ, ಇಪ್ಪತ್ತರ ಹುಡುಗ, ಶಾಂತಿನಿಕೇತನದ ದೃಶ್ಯಗಳ ಸುರುಳಿ ಬರೆದರು. ಉದ್ದ ಸುಮಾರು 44 ಅಡಿ, ಅಗಲ ಆರೇ ಅಂಗುಲ. ನೇತ್ರಜೀವಿಯವರ ಲೆಕ್ಕ ಇಲ್ಲಿ ಹಾಕಿ ನೋಡಿ. ಸುರುಳಿಯನ್ನು ಯಾರೂ ಇಡಿಯಾಗಿ ನೋಡಲ್ಲ. ಮುಖದ ಹತ್ತಿರ ಹಿಡಿದು, ಒಂದು ಕೈಲಿ ಬಿಚ್ಚಿ ಇನ್ನೊಂದು ಕೈಲಿ ಸುತ್ತಿ, ಒಂದು ಮೊಳ ನೋಡೋದು, ಮುಂದಕ್ಕೆ ಹೋಗೋದು. ಒಳ್ಳೆ ಕಣ್ಣಿದ್ದವರಿಗೂ ಕೆಟ್ಟ ಕಣ್ಣಿದ್ದವರಿಗೂ ಅಲ್ಲಿ ಒಂದೇ ಅಂತರ.

ಹಿಂದಿ ಭವನವೂ ಹಾಗೇ ಹರಿಯುತ್ತೆ. ರಾಮಾನುಜರು, ಕಬೀರ, ಸೂರದಾಸ, ತುಳಸೀದಾಸ, ಗುರು ಗೋವಿಂದ ಸಿಂಗ್ ಇವರೆಲ್ಲ ಜನಜಂಗುಳಿಯೊಳಗೆ ಸೇರಿಕೊಂಡಿದ್ದಾರೆ. ಒಂದು ಕಡೆ ಆಕೃತಿ ಗೋಪುರದ ಹಾಗೆ ಉದ್ದ, ಪಕ್ಕದಲ್ಲೇ ಪುಟ್ಟಪುಟ್ಟ ಜನರ ಗುಂಪು. ನಡೆಯುತ್ತಾ ಓದಬೇಕಾದ ಗೋಡೆ.

#10 ಮೇಲುಕೋಟೆಪುಳಿಯೋಗರೆ

ರಾಮಾನುಜರು ಇದ್ದಾರಾ ಅಲ್ಲಿ! ನಮ್ಮೂರಿನವರು 😀

#11 ಸುಮ್ನೆಓದೋನು

ಶ್ರೀಪೆರಂಬುದೂರಿನವರು ಕಣಣ್ಣ. ನಿಮ್ಮೂರಿಗೆ ಬಂದಿದ್ದವರು.

#12 ಗ್ಯಾಲರಿಗುಮಾಸ್ತ

ಕುಂಚಕಡ್ಡಿಯವರ ಎರಡನೇ ಪ್ರಶ್ನೆಗೆ ಯಾರೂ ಕೈಹಾಕ್ತಾ ಇಲ್ಲ. ನಾನು ಖಡಾಖಂಡಿತವಾಗಿ ಹೇಳ್ತೀನಿ: ಕಣ್ಣು ಹೋದ ಮೇಲೆ ಕಾಗದ ಕತ್ತರಿಸಿ ಅಂಟಿಸಿ ಮಾಡಿದ ಕೆಲಸಗಳಿಗೆ ಇಷ್ಟು ಮರ್ಯಾದೆ ಸಿಗ್ತಿರೋದು ಅವುಗಳ ಹಿಂದಿನ ಕಥೆಯಿಂದ. ಹೆಸರು ಮುಚ್ಚಿ ಗೋಡೆಗೆ ಹಾಕಿ, ಜನ ಹಿಂದಿ ಭವನದ ಫೋಟೋ ಮುಂದೆ ನಿಲ್ತಾರೆ, ಕಾಗದದ ಕತ್ತರಿಕೆ ಮುಂದೆ ನಿಲ್ಲಲ್ಲ. ಸತ್ಯಜಿತ್ ರಾಯ್ 1972ರಲ್ಲಿ ಸಾಕ್ಷ್ಯಚಿತ್ರ ಮಾಡದೇ ಇದ್ದಿದ್ರೆ ಕಲಾಭವನದ ಹೊರಗೆ ಈ ಟೈಲ್ ಗೋಡೆ ಯಾರಿಗೂ ಗೊತ್ತಾಗ್ತಿರಲಿಲ್ಲ.

#13 ಅಕ್ಕರೆ

ರಾಯ್ ಅಲ್ಲಿಯದೇ ವಿದ್ಯಾರ್ಥಿ ಸರ್, 1940ರಿಂದ 42ರವರೆಗೆ. ಇವರ ಚಾವಣಿ, ಗೋಡೆ ನೋಡಿಕೊಂಡೇ ಬೆಳೆದವರು. ಕಥೆ ಹುಡುಕಿಕೊಂಡು ಹೋದ ಹೊರಗಿನವರಲ್ಲ.

‘ಯಾರ ಕೈ’ ಅನ್ನೋ ಪ್ರಶ್ನೆಗೆ ಬರೋಣ. 1946–47ರಲ್ಲಿ ಹಿಂದಿ ಭವನದ ಸಾರುವೆ ಮೇಲೆ ಬಿನೋದ್ ಬಿಹಾರಿ ಒಬ್ಬರೇ ಇರಲಿಲ್ಲ. ಕೆ.ಜಿ. ಸುಬ್ರಹ್ಮಣ್ಯನ್, ಲೀಲಾ (ಬಿನೋದ್ ಬಿಹಾರಿಯವರ ಹೆಂಡತಿ, ಸ್ವತಃ ಕಲಾವಿದೆ), ದೇವಕಿನಂದನ ಶರ್ಮಾ, ಜಿತೇಂದ್ರ ಕುಮಾರ್ ಇವರೆಲ್ಲ ಸಹಾಯಕರು. ಗಾರೆ ಹಾಕೋದು, ಬಣ್ಣ ಅರೆಯೋದು, ತುಂಬೋದು ನಾಲ್ಕು ಕೈ ಸೇರಿ ಮಾಡಿದ ಕೆಲಸ. ಆ ಗೋಡೆ ಯಾರದ್ದು ಅಂತ ಈ ಎಪ್ಪತ್ತೈದು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. 1972ರ ಗೋಡೆಗೆ ಮಾತ್ರ ಯಾಕೆ ಕೇಳ್ತೀರಿ? ಕಣ್ಣಿಲ್ಲದವರು ಅಂತ ತಾನೇ?

#14 ಕುಂಚಕಡ್ಡಿ

ನ್ಯಾಯವಾದ ಮಾತು. ಆದರೂ ಮೇಡಂ, ಸಹಾಯಕರು ತಪ್ಪು ಮಾಡಿದರೆ 1947ರಲ್ಲಿ ಅವರಿಗೆ ಕಾಣ್ತಿತ್ತು. 1972ರಲ್ಲಿ ತಪ್ಪನ್ನು ಹಿಡಿಯೋದು ಹೇಗೆ? ನನ್ನ ತಕರಾರು ಅಲ್ಲೇ ಇರೋದು.

#15 ಕತ್ತರಿಕಾಗದ

ಹಿಡಿಯಬಹುದು. ಯಾಕಂದ್ರೆ ಅವರು ಕಣ್ಣಿಗೆ ಮಾತ್ರ ಗೊತ್ತಾಗುವ ಚಿತ್ರ ಬರೆಯೋದನ್ನು ಬಿಟ್ಟು, ಬೆರಳಿಗೆ ಗೊತ್ತಾಗುವ ಕ್ರಮಕ್ಕೆ ಬಂದಿದ್ದರು. ಬಿಡಿಸಿ ಹೇಳ್ತೀನಿ.

ಕಣ್ಣು ಹೋದ ಮೇಲೆ ಅವರು ಹಿಡಿದದ್ದು ಮುಖ್ಯವಾಗಿ ಇಷ್ಟು: ಮೇಣ ಮತ್ತು ಮಣ್ಣಿನ ಪುಟ್ಟ ಗೊಂಬೆಗಳು, ಗೆರೆಚಿತ್ರ, ಕಲ್ಲಚ್ಚು (ಲಿಥೋಗ್ರಾಫ್), ಕಾಗದ ಮಡಿಸಿ ಕತ್ತರಿಸಿ ಅಂಟಿಸಿದ ಚಿತ್ರಗಳು. ಮೇಣಕ್ಕೆ ಕಣ್ಣು ಬೇಡ, ಅಂಗೈ ಕಾವಿಗೆ ಮೆತ್ತಗಾಗುತ್ತೆ, ಬೆರಳೇ ಅಳತೆ. ಗೆರೆ ಕಷ್ಟ. ಪೆನ್ನು ಕಾಗದ ಬಿಟ್ಟು ಮೇಲೆದ್ದರೆ ಮತ್ತೆ ಅದೇ ಜಾಗಕ್ಕೆ ಬರೋದು ಲಾಟರಿ. ಎಡಗೈ ಬೆರಳು ಒಂದನ್ನು ಲಂಗರಿನ ಹಾಗೆ ಊರಿ, ಅಲ್ಲಿಂದ ಗೆರೆ ಹೊರಡಿಸಿ, ಎತ್ತದೆ ಸುತ್ತಿ ತಂದು ಬೆರಳಿಗೇ ಮುಟ್ಟಿಸಬೇಕು. ಶಾಯಿ ಮುಗಿದದ್ದು ಗೊತ್ತಾಗಲ್ಲ, ಖಾಲಿ ಪೆನ್ನಿನಲ್ಲಿ ಅರ್ಧ ಚಿತ್ರ ಬರೆದುಬಿಡಬಹುದು. ಕಲ್ಲಚ್ಚಿನಲ್ಲಿ ಎಡ-ಬಲ ತಿರುಗುಮುರುಗು ಬೇರೆ.

ಕಾಗದದಲ್ಲಿ ಈ ತೊಂದರೆ ಇಲ್ಲ. ಮಡಿಕೆ ಒಂದು ಏಣು, ಬೆರಳಿಗೆ ಸಿಗುತ್ತೆ. ಕತ್ತರಿಸಿದ ಅಂಚು ಕೂಡ ಸಿಗುತ್ತೆ. ಒಂದರ ಮೇಲೊಂದು ಅಂಟಿಸಿದರೆ ಮೇಲಿನದು ಯಾವುದು, ಎಲ್ಲಿ ಮುಗಿಯುತ್ತೆ ಅಂತ ಉಗುರಿನ ತುದಿಗೆ ತಿಳಿಯುತ್ತೆ. ಅಂದ್ರೆ ಮಾಡಿದ್ದನ್ನು ಮಾಡಿದವರೇ ಓದಿ ನೋಡಬಹುದು, ತಿದ್ದಬಹುದು. ಕುಂಚದ ಬಣ್ಣದಲ್ಲಿ ಅದು ಸಾಧ್ಯವೇ ಇಲ್ಲ, ಒಣಗಿದ ಬಣ್ಣ ಬೆರಳಿಗೆ ಬಿಳಿ ಕಾಗದದಷ್ಟೇ ನುಣುಪು.

ಟೈಲ್ ಗೋಡೆಯ ಮನುಷ್ಯಾಕೃತಿಗಳು ಹುಟ್ಟಿದ್ದು ಈ ಮಡಿಸಿದ ಕಾಗದದಿಂದ. ಅಲ್ಲಿ ಛಾಯೆ ಇಲ್ಲ, ಮಿದುವಾದ ಮಬ್ಬು ಇಲ್ಲ, ಇರೋ ಮಾಹಿತಿಯೆಲ್ಲ ಅಂಚಿನಲ್ಲಿದೆ. ಅಂಥ ಆಕಾರವನ್ನು ಚೌಕಳಿ ಹಾಕಿ ಹತ್ತು ಪಟ್ಟು ಹಿಗ್ಗಿಸಿದರೂ ಏನೂ ಕಳೆದುಹೋಗಲ್ಲ. ಹಿಗ್ಗಿಸುವವರ ಕೈಚಳಕಕ್ಕೆ ಅಲ್ಲಿ ಜಾಗವೇ ಇಲ್ಲ, ಗೆರೆ ಸರಿ ಇದೆ ಅಥವಾ ತಪ್ಪಿದೆ, ಅಷ್ಟೇ. ಟೈಲ್ ಕೂರಿಸಿದ ಮೇಲೂ ಸಂದು ಬೆರಳಿಗೆ ಸಿಗುತ್ತೆ. ಗೋಡೆಯನ್ನು ಸವರಿಕೊಂಡು ಹೋದರೆ ತುಂಡು ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಅಂತ ಗೊತ್ತಾಗುತ್ತೆ. ಎಲ್ಲ ಬಿಟ್ಟು ಟೈಲನ್ನೇ ಆರಿಸಿಕೊಂಡದ್ದರಲ್ಲಿ ಅವರ ಜಾಣತನ ಇದೆ. ಕುಂಚ ಹಿಡಿದ ನಾಲ್ಕು ಹುಡುಗರ ಕೈಗೆ ಗೋಡೆ ಕೊಟ್ಟಿದ್ದರೆ ನಿಮ್ಮ ತಕರಾರು ನಿಲ್ಲುತ್ತಿತ್ತು.

#16 ಗ್ಯಾಲರಿಗುಮಾಸ್ತ

ಆಕಾರ ಒಪ್ಪಿದೆ. ಬಣ್ಣ?

#17 ಕತ್ತರಿಕಾಗದ

ಬಣ್ಣ ಕೇಳಿ ತಿಳಿಯಬೇಕು, ಬೇರೆ ದಾರಿ ಇಲ್ಲ. ಆದರೆ ಐವತ್ತು ವಯಸ್ಸು ದಾಟುವವರೆಗೆ ಬಣ್ಣ ಅರೆದವರು. ಕೆಮ್ಮಣ್ಣಿನ ಪಕ್ಕ ಹಸಿರು ಮಣ್ಣಿಟ್ಟರೆ ಏನಾಗುತ್ತೆ ಅಂತ ನೋಡಿಯೇ ತಿಳಿಯಬೇಕಿಲ್ಲ. ಟೈಲ್ ಬಣ್ಣ ಕುಲುಮೆಯಲ್ಲೇ ಗಟ್ಟಿಯಾಗಿರುತ್ತೆ, ಎಣಿಸಿದಷ್ಟೇ ಛಾಯೆ. ಪ್ಯಾಲೆಟ್ ಮೇಲೆ ಕಲಸಿ ಹದ ಹುಡುಕುವ ಕೆಲಸ ಇಲ್ಲ. ಇದೂ ಆಯ್ಕೆಯ ಒಂದು ಕಾರಣ ಅಂತ ನನ್ನ ಊಹೆ.

#18 ಹುಬ್ಬಳ್ಳಿಮಂದಿ

ನಮ್ಮ ಗದಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣ ಇರಲಿಲ್ಲ. ಪುಟ್ಟರಾಜರಂತೂ ಎಷ್ಟು ವಾದ್ಯ ನುಡಿಸ್ತಿದ್ರು, ಎಷ್ಟ್ ಬರದಾರ. ಅವರ ಸಂಗೀತ ಅವರದ್ದೋ ಅಲ್ಲೋ ಅಂತ ಯಾರೂ ಕೇಳೂದಿಲ್ಲ ನೋಡ್ರಿ. ಕಣ್ಣಿಲ್ಲದವ ಅಂದ್ರ ಹಾಡಬೇಕು, ಪೇಟಿ ಬಾರಿಸಬೇಕು, ಇದು ನಮ್ಮ ತಲಿಯಾಗ ಕುಂತಬಿಟ್ಟೈತಿ. ಚಿತ್ರ ಬರದ್ರ ಮಾತ್ರ ಪಂಚಾಯ್ತಿ ಕೂಡಸ್ತೀವಿ.

#19 ನೇತ್ರಜೀವಿ

ಚೆನ್ನಾಗಿ ಹೇಳಿದ್ರಿ ರೀ.

ಇನ್ನೊಂದು: ಶಾಂತಿನಿಕೇತನದಲ್ಲಿ ಕಣ್ಣಿನ ತೊಂದರೆ ಇವರೊಬ್ಬರಿಗೇ ಅಲ್ಲ. ರವೀಂದ್ರನಾಥರಿಗೆ ಕೆಂಪು-ಹಸಿರು ಗುರುತಿಸುವುದರಲ್ಲಿ ಕೊರತೆ ಇತ್ತು ಅಂತ ಅವರ ಚಿತ್ರ, ಬರಹ ಎರಡನ್ನೂ ಇಟ್ಟುಕೊಂಡು ವಾದಿಸಿದ ವಿದ್ವಾಂಸರಿದ್ದಾರೆ. ‘ಆ ಹುಡುಗನ್ನ ತಡೀಬೇಡಿ’ ಅಂದವರಿಗೆ ಅದರ ಮರ್ಮ ಗೊತ್ತಿತ್ತೇನೋ.

#20 ಸುಮ್ನೆಓದೋನು

ಅದು ಸ್ವಲ್ಪ ಜಾಸ್ತಿಯಾಯ್ತು ಡಾಕ್ಟ್ರೇ.

#21 ಕರಾವಳಿಕುಂಚ

ಸತೀಶ್ ಗುಜ್ರಾಲ್ ಅವರನ್ನೂ ಇಲ್ಲಿ ಸೇರಿಸಬಹುದಲ್ವಾ ಮಾರಾಯ್ರೇ? ಎಂಟನೇ ವಯಸ್ಸಿಗೆ ಕಿವಿ ಹೋಯಿತು. ಆದರೂ ಲಾಹೋರ್, ಬೊಂಬಾಯಿ, 1952ರಲ್ಲಿ ಮೆಕ್ಸಿಕೊ, ರಿವೇರಾ ಮತ್ತು ಸಿಕೇರೋಸ್ ಹತ್ತಿರ ಕಲಿತದ್ದು. ಕಡೆಗೆ ದೆಹಲಿಯ ಬೆಲ್ಜಿಯಂ ರಾಯಭಾರ ಕಚೇರಿಯ ಕಟ್ಟಡವನ್ನೂ ಅವರೇ ವಿನ್ಯಾಸ ಮಾಡಿದ್ದು.

#22 ಅಕ್ಕರೆ

ಸೇರಿಸಬಹುದು, ಆದರೆ ಹೋಲಿಕೆ ನಿಲ್ಲಲ್ಲ. ಕಿವಿ ಇಲ್ಲದಿದ್ದರೆ ಕಲಿಯೋದು, ಜನರ ಜೊತೆ ವ್ಯವಹರಿಸೋದು ಕಷ್ಟ. ಗೋಡೆ ಮುಂದೆ ನಿಂತಾಗ ಕಣ್ಣು ಇದೆಯಲ್ಲ. ಬಿನೋದ್ ಬಿಹಾರಿಯವರಿಗೆ ಉಲ್ಟಾ: ಪಾಠ ಮಾಡೋಕೆ, ಬರೆಸೋಕೆ ಅಡ್ಡಿ ಇರಲಿಲ್ಲ. ಕಣ್ಣು ಹೋದ ಮೇಲೆ ಬರವಣಿಗೆ ಹೆಚ್ಚೇ ಆಯಿತು. ಬಂಗಾಳಿಯಲ್ಲಿ ಬಂದ ಆತ್ಮಕಥನಕ್ಕೆ ರವೀಂದ್ರ ಪುರಸ್ಕಾರ ಬಂತು. 1974ರಲ್ಲಿ ಪದ್ಮವಿಭೂಷಣ. ತೀರಿಕೊಂಡದ್ದು ನವೆಂಬರ್ 1980.

‘ಅಂಗವಿಕಲ ಕಲಾವಿದರು’ ಅಂತ ಒಂದೇ ಚೀಲಕ್ಕೆ ಹಾಕಿದರೆ ಒಬ್ಬರ ಕೆಲಸದ ಕ್ರಮವೂ ಕಾಣಲ್ಲ. ಗುಜ್ರಾಲರಿಗೂ ಇವರಿಗೂ ಇರೋ ಸಮಾನ ಅಂಶ ಭಿತ್ತಿ. ಮಾತಾಡಬೇಕಾದ್ದು ಅದನ್ನ.

#23 ಕರಾವಳಿಕುಂಚ

ಆಯ್ತು ಬಿಡಿ, ಹೊಡಿಬೇಡಿ 🙂 ಬಿನೋದ್ ಬಿಹಾರಿಯವರ ಮಗಳು ಮೃಣಾಲಿನಿ ಸೆಣಬಿನ ಹಗ್ಗವನ್ನು ಗಂಟು ಹಾಕಿ ದೊಡ್ಡ ದೊಡ್ಡ ಶಿಲ್ಪ ಮಾಡಿದವರು. ಅದೂ ಮುಟ್ಟಿ ಮಾಡುವ ಕೆಲಸವೇ. ಅಪ್ಪನಿಂದ ಬಂದದ್ದೋ ಏನೋ.

#24 ಖೊವಾಯಿ

ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ. ಆಕೆ ಬರೋಡಾದಲ್ಲಿ ಭಿತ್ತಿ ವಿನ್ಯಾಸ ಓದಿದವರು, ಮೇಷ್ಟ್ರು ಸುಬ್ರಹ್ಮಣ್ಯನ್. ನಾರಿನ ಕೆಲಸದ ನಂಟು ಅಲ್ಲಿಂದ. ನೀವು ವಂಶವೃಕ್ಷ ಹಾಕಲೇಬೇಕಂದ್ರೆ ಅಪ್ಪ, ಅಪ್ಪನ ಶಿಷ್ಯ, ಶಿಷ್ಯನ ಶಿಷ್ಯೆಯಾದ ಮಗಳು ಅಂತ ಹಾಕಿ.

#25 ಮೇಲುಕೋಟೆಪುಳಿಯೋಗರೆ

ನಮ್ಮ ವೆಂಕಟಪ್ಪನವರಿಗೂ ಈ ಪರಂಪರೆಗೂ ಸಂಬಂಧ ಇದೆ ತಾನೇ?

#26 ಖೊವಾಯಿ

ಇದೆ. ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರು, ನಂದಲಾಲರೂ ಅವರದ್ದೇ ಶಿಷ್ಯರು. ಆ ಲೆಕ್ಕದಲ್ಲಿ ಬಿನೋದ್ ಬಿಹಾರಿಗೆ ಗುರುವಿನ ಸಹಪಾಠಿ. ಆದರೆ ದಾರಿ ಪೂರ್ತಿ ಬೇರೆ. ವೆಂಕಟಪ್ಪನವರ ಊಟಿ ದೃಶ್ಯಗಳ ನುಣುಪು ಕೆಲಸಕ್ಕೂ ಇವರ ಒರಟು, ಅವಸರದ ಗೆರೆಗೂ ಅಜಗಜಾಂತರ. ಕಬ್ಬನ್ ಪಾರ್ಕಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋದಾಗ ಇದನ್ನ ಮನಸ್ಸಲ್ಲಿಟ್ಕೊಂಡು ನೋಡಿ.

#27 ಕಾನೂನುಕಡತ

ಕಡತದ ಮನುಷ್ಯನ ಪ್ರಶ್ನೆ. ಇವತ್ತಿನ ಕಾಯ್ದೆ ಪ್ರಕಾರ ಹಿಂದಿ ಭವನ ಬರೆಯುವಾಗ ಅವರು ಯಾವ ವರ್ಗಕ್ಕೆ ಬರ್ತಿದ್ರು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಒಳ್ಳೆಯ ಕಣ್ಣಿಗೆ ಕನ್ನಡಕ ಹಾಕಿದ ಮೇಲೂ 3/60ಕ್ಕಿಂತ ಕಮ್ಮಿ ಇದ್ದರೆ ಅಂಧತ್ವ, 6/18ರಿಂದ 3/60ರವರೆಗೆ ಇದ್ದರೆ ಮಂದದೃಷ್ಟಿ. ನೋಟದ ವಿಸ್ತಾರ 10 ಡಿಗ್ರಿಗಿಂತ ಕಮ್ಮಿಯಾದರೂ ಅಂಧತ್ವವೇ.

#28 ನೇತ್ರಜೀವಿ

ಅಳತೆ ಇಲ್ಲದೆ ವರ್ಗ ಹೇಳೋಕಾಗಲ್ಲ ಸರ್. ಆದರೆ ಪ್ರಮಾಣಪತ್ರಕ್ಕೆ ಅಲೆಯುವವರಿಗೆ ಒಂದು ಉಪಯುಕ್ತ ಮಾತು: ಒಂದು ಕಣ್ಣು ಪೂರ್ತಿ ಇಲ್ಲ, ಇನ್ನೊಂದು ಚೆನ್ನಾಗಿದೆ ಅಂದರೆ ಸವಲತ್ತಿಗೆ ಬೇಕಾದ 40 ಪರ್ಸೆಂಟ್ ತಲುಪಲ್ಲ. ಎಣಿಸೋದು ಒಳ್ಳೆಯ ಕಣ್ಣನ್ನು. ಕನ್ನಡಕ ಹಾಕಿಸಿ ಅಳೀತಾರೆ, ತೆಗೆಸಿ ಅಲ್ಲ. ಕನ್ನಡಕ ಮನೇಲಿ ಬಿಟ್ಟು ಹೋದರೆ ಇನ್ನೊಂದು ಸಲ ಅಲೆಯೋದೇ.

#29 ಬೋಲ್ಪುರಪ್ಯಾಸೆಂಜರ್

ನೋಡೋಕೆ ಹೋಗುವವರಿಗೆ: ಹೌರಾದಿಂದ ಬೋಲ್ಪುರಕ್ಕೆ ರೈಲು, ಎರಡೂವರೆ ಮೂರು ಗಂಟೆ. ಕಲಾಭವನ ಇರುವ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕೆ ವಾರದ ರಜೆ ಬುಧವಾರ, ಭಾನುವಾರ ಅಲ್ಲ. ಬುಧವಾರ ಹೋಗಿ ಬೀಗ ನೋಡಿಕೊಂಡು ಬರಬೇಡಿ. ಟೈಲ್ ಭಿತ್ತಿ ಹೊರಗೋಡೆಯಲ್ಲಿದೆ. ಹಿಂದಿ ಭವನ, ಚೀನಾ ಭವನ ಎರಡೂ ಈಗಲೂ ಪಾಠ ನಡೆಯುವ ವಿಭಾಗಗಳು, ಒಳಗೆ ಹೋಗಲು ಮೊದಲೇ ಅನುಮತಿ ಕೇಳಿ. ಫ್ಲ್ಯಾಶ್ ಹಾಕಿ ಫೋಟೋ ತೆಗೀಬೇಡಿ. ಶಾಂತಿನಿಕೇತನ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

#30 ಗಾರೆಮೇಸ್ತ್ರಿ

ಹೋದವರು ಗೋಡೆಗೆ ಕೈ ಒರಗಿಸಬೇಡಿ, ಬೆವರಿನ ಉಪ್ಪೂ ಸುಣ್ಣಕ್ಕೆ ಶತ್ರು. ತೇವ ಏರಿದ ಸುಣ್ಣದ ಗೋಡೆಯಲ್ಲಿ ಉಪ್ಪು ಬಿಳಿಯಾಗಿ ಅರಳಿ ಬಣ್ಣವನ್ನು ಒಳಗಿಂದ ಎಬ್ಬಿಸುತ್ತೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ, ಒಣ ಮೆತ್ತನೆ ಬ್ರಷ್ ಬೇಕು. ಹಸಿ ಗಾರೆ ಚಿತ್ರದ ಮೇಲೆ ಎಮಲ್ಷನ್ ಬಳಿಯೋ ಪುಣ್ಯಾತ್ಮರೂ ಇದ್ದಾರೆ, ಗೋಡೆ ಉಸಿರಾಡೋದೇ ನಿಂತುಹೋಗುತ್ತೆ.

#31 ಟೀಚರಮ್ಮ

ಚರ್ಚೆಗೆ ಸ್ವಲ್ಪ ಅಡ್ಡ ಬರ್ತೀನಿ. ಕಣ್ಣು ಕಾಣದ ಮಕ್ಕಳಿಗೆ ಈ ಕಾಗದದ ಕ್ರಮ ಕಲಿಸಬೇಕು ಅಂದ್ರೆ ಏನೇನು ಬೇಕು? ಕತ್ತರಿಕಾಗದ ಅವರೇ, ಹೇಳಿ.

#32 ಕತ್ತರಿಕಾಗದ

ಖುಷಿಯಾಗಿ ಮೇಡಂ. ಕಾಗದ 120ರಿಂದ 150 ಜಿಎಸ್‌ಎಂ ತಗೊಳ್ಳಿ. ಜೆರಾಕ್ಸ್ ಹಾಳೆ ಬೇಡ, ಅಂಚು ಬೆರಳಿಗೆ ಸಿಗಲ್ಲ, ಎಳೆದರೆ ಹರಿಯುತ್ತೆ. ಡ್ರಾಯಿಂಗ್ ಬೋರ್ಡಿನಷ್ಟು ದಪ್ಪದ್ದೂ ಬೇಡ, ಮಡಿಕೆ ಕೂರಲ್ಲ. ಕತ್ತರಿ ಮೊಂಡು ಮೂಗಿನದು, ಐದು ಅಂಗುಲ. ಮಡಿಕೆಯನ್ನು ಉಗುರಿನಿಂದ ಎರಡು ಸಲ ಎಳೆಸಿ. ಕತ್ತರಿಸುವಾಗ ಕತ್ತರಿ ಇದ್ದಲ್ಲೇ ಇರಲಿ, ತಿರುಗಬೇಕಾದ್ದು ಕಾಗದ. ಎಡಗೈ ಹೆಬ್ಬೆರಳು ಅಲಗಿಗಿಂತ ಒಂದು ಅಂಗುಲ ಮುಂದೆ, ಮಡಿಕೆಯ ಏಣನ್ನು ಹಿಡಿದು ದಾರಿ ತೋರಿಸ್ತಾ ಹೋಗಬೇಕು. ಮಕ್ಕಳು ಹೆಬ್ಬೆರಳನ್ನು ಅಲಗಿನ ಪಕ್ಕಕ್ಕೇ ತರ್ತಾರೆ, ಮೊದಲ ವಾರ ಅದೊಂದನ್ನೇ ನೋಡಿಕೊಳ್ಳಿ.

ಜೋಡಿಸಲು ಅಂಚು ಎತ್ತರ ಇರುವ ತಟ್ಟೆ, ಒಳಗೆ ಫೋಮ್ ಶೀಟ್. ಅಂಟಿಸುವ ಮೊದಲು ಗುಂಡುಪಿನ್ನಿನಲ್ಲಿ ನಿಲ್ಲಿಸಿ, ಎರಡೂ ಕೈಯಲ್ಲಿ ಸವರಿ ನೋಡಲಿ, ಬೇಡವಾದರೆ ಸರಿಸಲಿ. ಅಂಟು ಕಡ್ಡಿಯದ್ದೇ ಇರಲಿ. ನೀರಂಟು ಹಾಕಿದರೆ ಕಾಗದ ಸುರುಟುತ್ತೆ, ಬೆರಳಿಗೆ ಮೆತ್ತಿಕೊಂಡ ಮೇಲೆ ಸ್ಪರ್ಶವೇ ಮಂಕಾಗುತ್ತೆ. ಪಕ್ಕದಲ್ಲಿ ಒದ್ದೆ ಬಟ್ಟೆ ಇಡಿ.

ಬಣ್ಣಕ್ಕೆ ಹಾಳೆಯ ಮೂಲೆಯಲ್ಲಿ ಕಚ್ಚು: ಕೆಂಪಿಗೆ ಒಂದು, ಹಳದಿಗೆ ಎರಡು, ನೀಲಿಗೆ ಮೂರು, ಕಪ್ಪಿಗೆ ಮೂಲೆಯನ್ನೇ ಹಾರಿಸಿಬಿಡಿ. ಹುಟ್ಟಿನಿಂದ ಕಾಣದ ಮಗುವೂ ಬಣ್ಣ ಆರಿಸುತ್ತೆ, ‘ಇದರ ಪಕ್ಕ ಇದು ಬೇಡ’ ಅಂತ ಜಗಳವನ್ನೂ ಆಡುತ್ತೆ. ಆಗ ‘ಅದು ಚೆನ್ನಾಗಿ ಕಾಣಲ್ಲ ಪುಟ್ಟ’ ಅಂತ ಟೀಚರು ಬದಲಾಯಿಸೋದು ಬೇಡ.

#33 ಟೀಚರಮ್ಮ

ಕಚ್ಚು ಕತ್ತರಿಸಿದ ತುಂಡಿನಲ್ಲಿ ಉಳಿಯಲ್ವಲ್ಲ? ಮೂಲೆ ಹೋದ ಮೇಲೆ ಬಣ್ಣ ಹೇಗೆ ಗೊತ್ತಾಗುತ್ತೆ?

#34 ಕತ್ತರಿಕಾಗದ

ಬಣ್ಣಕ್ಕೊಂದು ಡಬ್ಬಿ, ಮುಚ್ಚಳದ ಮೇಲೆ ಅದೇ ಎಣಿಕೆಯ ಕಚ್ಚು ಅಥವಾ ಬ್ರೈಲ್ ಚೀಟಿ. ಕತ್ತರಿಸಿದ ತಕ್ಷಣ ಆ ಡಬ್ಬಿಗೆ. ತುಂಡಿನ ಹಿಂಬದಿಗೆ ದರ್ಜಿಗಳು ಬಳಸುವ ಹಲ್ಲುಚಕ್ರದಿಂದ ಚುಕ್ಕಿ ಎಬ್ಬಿಸಬಹುದು ಅಂತ ಕೆಲವರು ಹೇಳ್ತಾರೆ, ಮಾಡಬೇಡಿ. ಅದು ಮುಂಬದಿಗೂ ಮೂಡಿ, ಆಕಾರದ ಅಂಚು ಯಾವುದು ಚುಕ್ಕಿ ಯಾವುದು ಅಂತ ಬೆರಳಿಗೆ ಗಲಿಬಿಲಿ ಆಗುತ್ತೆ.